ದೇವಾನಾಂಪ್ರಿಯನು ಯಾರು?

ನಾಣ್ಯವೊಂದನ್ನು ಕೈಗೆತ್ತಿಕೊಂಡು ನೋಡಿರಿ. ಅದರ ಒಂದು ಮೈಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಸಿಂಹಗಳಿವೆ. ನಮ್ಮ ಕಣ್ಣಿಗೆ ಕಾಣುವುದು ಮೂರು. ನಾಲ್ಕನೆಯದು ಹಿಂಬದಿಯಲ್ಲಿ ಮರೆಯಾಗಿದೆ. ಸಾರನಾಥದ ಉತ್ಖನನದಲ್ಲಿ ೧೯೦೫ರಲ್ಲಿ ದೊರೆತ ಸ್ತಂಭಶಿಖರವೊಂದರ ಚಿತ್ರವಿದು. ೧೯೫೦ನೆಯ ಜನವರಿ ೨೬ರಂದು ಇದು ನಮ್ಮ ರಾಷ್ಟ್ರಲಾಂಛನವಾಯಿತು. ಅದಕ್ಕೂ ಮೊದಲು, ೧೯೪೭ರ ಜುಲೈ ೨೨ರಂದು, ಅದೇ ಸ್ತಂಭಶಿಖರದ ಚಕ್ರವು ಇಪ್ಪತ್ತನಾಲ್ಕು ಅರೆಕಾಲುಗಳೊಡನೆ ನಮ್ಮ ಧ್ವಜದ ನಡುವೆ ಸ್ಥಾನ ಪಡೆಯಿತು. ಅಶೋಕ ಚಕ್ರವರ್ತಿಯ ಹೆಸರನ್ನು ಇಂದು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು.

ಆದರೆ ೧೮೩೦ರಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಪುರಾಣಗಳ ಮೌರ್ಯರಾಜರ ಪಟ್ಟಿಯಲ್ಲಿ ಅಶೋಕನೆಂಬುದೊಂದು ಬರಿಯ ಹೆಸರು. ಸಿಂಹಳ ಮೊದಲಾದ ಬೌದ್ಧ ದೇಶಗಳಲ್ಲಿ ಅವನ ಕಥೆಗಳು ಉಳಿದಿದ್ದರೂ ಅವನು ಆಳಿದ ನೆಲದಲ್ಲಿ ಅವನನ್ನು ನೆನೆಯುವವರಿರಲಿಲ್ಲ. ಅವನು ಕೊರೆಯಿಸಿದ ಬಂಡೆಗಳೂ ಕಂಬಗಳೂ ಎಲ್ಲರ ಕಣ್ಣೆದುರಿಗೇ ನಿಂತಿದ್ದವು. ಓದಬಲ್ಲವನು ಒಬ್ಬನೂ ಇರಲಿಲ್ಲ. ಈ ಕಲ್ಲುಗಳು ಮತ್ತೆ ಮಾತನಾಡತೊಡಗಿದುದು ಹೇಗೆ? ಅವುಗಳನ್ನು ಕೊರೆಯಿಸಿದವನು ಅಶೋಕನೇ ಎಂಬುದನ್ನು ವಿದ್ವಾಂಸರು ಹೇಗೆ ಸಿದ್ಧಪಡಿಸಿದರು? ಇತಿಹಾಸವೂ ಒಂದು ವಿಜ್ಞಾನದಂತೆ ಊಹೆಯಿಂದ ಸಾಕ್ಷ್ಯದ ಕಡೆಗೆ ನಡೆಯುವ ಬಗೆಯನ್ನು ಈ ಕಥೆಯಲ್ಲಿ ನಾವು ಕಾಣಬಹುದು. ಇದರ ಕೊನೆಯ ಕೊಂಡಿ ದೊರೆತುದು ನಮ್ಮ ಕನ್ನಡ ನಾಡಿನಲ್ಲಿ ಎಂಬುದು ನಮಗೆ ಇನ್ನಷ್ಟು ಸಂತೋಷದ ಸಂಗತಿ.

ಓದಲಾಗದ ಕಂಬಗಳು

ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನನಾಗಿದ್ದ ಫಿರೋಜ್ ಷಾ ತುಘಲಕನು ಟೋಪ್ರಾ ಎಂಬ ಊರಿನಲ್ಲಿ ಸುಮಾರು ೪೨ ಅಡಿ ಉದ್ದದ, ನುಣುಪಾದ ಹೊಳಪುಳ್ಳ ಏಕಶಿಲಾ ಸ್ತಂಭವೊಂದನ್ನು ಕಂಡು ಬೆರಗಾದನು. ಅದನ್ನು ಹತ್ತಿಯ ಮೆತ್ತೆಗಳ ಮೇಲೆ ಒರಗಿಸಿ ಕೆಡವಿಸಿ, ನಲವತ್ತೆರಡು ಗಾಲಿಗಳ ಬಂಡಿಯ ಮೇಲೇರಿಸಿ, ಯಮುನೆಯಲ್ಲಿ ದೋಣಿಗಳ ಮೂಲಕ ದೆಹಲಿಗೆ ತರಿಸಿದನು. ಅದರ ಮೇಲಿನ ಬರಹವನ್ನು ಓದಲು ಅವನು ಕರೆಯಿಸಿದ ಪಂಡಿತರಿಂದ ಆಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಂದ ಇಂಗ್ಲಿಷ್ ಪ್ರವಾಸಿ ಥಾಮಸ್ ಕೊರಿಯಟ್ ಆ ಅಕ್ಷರಗಳನ್ನು ಗ್ರೀಕ್ ಎಂದು ಭಾವಿಸಿ, ಇದು ಅಲೆಕ್ಸಾಂಡರನ ವಿಜಯಸ್ತಂಭವೇ ಸರಿ ಎಂದುಕೊಂಡನು.

ಇಂಥ ತಪ್ಪು ಸಹಜವೇ. ಬ್ರಾಹ್ಮೀ ಲಿಪಿಯ ಕೆಲವು ಅಕ್ಷರಗಳು ಸರಳ ರೇಖೆಗಳಿಂದಲೂ ವೃತ್ತಗಳಿಂದಲೂ ಆದವು. ಮೇಲುನೋಟಕ್ಕೆ ಗ್ರೀಕ್ ಅಕ್ಷರಗಳನ್ನು ಹೋಲುತ್ತವೆ. ಆದರೆ ಹೋಲಿಕೆ ಬೇರೆ, ಸಾಕ್ಷ್ಯ ಬೇರೆ.

ಟಂಕಸಾಲೆಯ ಪರೀಕ್ಷಕ

ಈ ಒಗಟನ್ನು ಬಿಡಿಸಿದವನು ವೃತ್ತಿಯಿಂದ ಇತಿಹಾಸಕಾರನಲ್ಲ, ಭಾಷಾ ಪಂಡಿತನೂ ಅಲ್ಲ. ಜೇಮ್ಸ್ ಪ್ರಿನ್ಸೆಪನು ೧೭೯೯ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ೧೮೧೯ರಲ್ಲಿ ಭಾರತಕ್ಕೆ ಬಂದನು. ಕಾಶಿಯಲ್ಲಿಯೂ ಅನಂತರ ಕಲ್ಕತ್ತೆಯಲ್ಲಿಯೂ ಟಂಕಸಾಲೆಗಳಲ್ಲಿ ಚಿನ್ನಬೆಳ್ಳಿಗಳ ಶುದ್ಧತೆಯನ್ನು ಪರೀಕ್ಷಿಸುವುದು ಅವನ ಕೆಲಸ. ಲೋಹದ ಚೂರನ್ನು ತೂಗಿ, ಕಾಯಿಸಿ, ಮತ್ತೆ ತೂಗಿ ನೋಡಿಯೇ ಮಾತನಾಡುವ ಶಿಸ್ತು ಅವನದು. ಅದೇ ಶಿಸ್ತನ್ನು ಅವನು ಲಿಪಿಗೂ ಅನ್ವಯಿಸಿದನು.

೧೮೩೪ರಲ್ಲಿ ಅವನು ಪ್ರಯಾಗದ ಸ್ತಂಭದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ವಿಂಗಡಿಸಿ ಪಟ್ಟಿಮಾಡಿದನು. ಹೆಚ್ಚಿನ ಅಕ್ಷರಗಳು ಮೂಲರೂಪದಲ್ಲಿ ಮಾತ್ರವಲ್ಲದೆ ಸಣ್ಣ ಗೀಟುಗಳು ಸೇರಿ ಐದು ಮುಖ್ಯ ಬಗೆಗಳಲ್ಲಿ ಮಾರ್ಪಟ್ಟು ಬರುತ್ತಿದ್ದುದು ಅವನಿಗೆ ಕಾಣಿಸಿತು. ಕನ್ನಡ ಕಲಿತ ಯಾವ ಮಗುವಿಗೂ ಇದರ ಅರ್ಥ ಹೊಳೆಯುತ್ತದೆ: ಇದು ಕಾಗುಣಿತ! ಕ, ಕಾ, ಕಿ, ಕು, ಕೆ ಎಂದು ವ್ಯಂಜನಕ್ಕೆ ಸ್ವರದ ಗುರುತು ಹತ್ತುವ ಕ್ರಮ. ಗ್ರೀಕ್ ಲಿಪಿಯಲ್ಲಿ ಸ್ವರಗಳು ಬಿಡಿ ಅಕ್ಷರಗಳಾಗಿ ನಿಲ್ಲುತ್ತವೆ. ವ್ಯಂಜನದ ಮೈಗೆ ಅಂಟಿಕೊಳ್ಳುವುದಿಲ್ಲ. ಹೀಗೆ ಒಂದು ಅಕ್ಷರದ ಧ್ವನಿಯೂ ತಿಳಿಯುವ ಮೊದಲೇ ಈ ಲಿಪಿ ಭಾರತೀಯ ಲಿಪಿಗಳ ಕುಟುಂಬಕ್ಕೆ ಸೇರಿದುದೆಂಬುದು ಖಚಿತವಾಯಿತು.

ಆದರೆ ಧ್ವನಿಗಳನ್ನು ಕಂಡುಹಿಡಿಯುವುದು ಹೇಗೆ? ೧೮೩೬ರಲ್ಲಿ ಕ್ರಿಶ್ಚಿಯನ್ ಲಾಸೆನ್ ಎಂಬ ವಿದ್ವಾಂಸನು ಅಗಥೋಕ್ಲೀಸ್ ಎಂಬ ಯವನರಾಜನ ನಾಣ್ಯವನ್ನು ಪರಿಶೀಲಿಸಿದನು. ಅದರ ಒಂದು ಮೈಯಲ್ಲಿ ಗ್ರೀಕ್ ಬರಹವೂ ಇನ್ನೊಂದು ಮೈಯಲ್ಲಿ ಬ್ರಾಹ್ಮೀ ಬರಹವೂ ಇದ್ದವು. ಅರಸನ ಹೆಸರು ಎರಡರಲ್ಲಿಯೂ ಒಂದೇ ಆಗಿರಬೇಕಲ್ಲವೆ? ಇದರಿಂದ ಕೆಲವು ಅಕ್ಷರಗಳು ತಿಳಿದವು. ಪೂರ್ಣ ಬಾಗಿಲು ತೆರೆದುದು ಮರುವರ್ಷ.

‘ದಾನಂ’ ಎಂಬ ಬೀಗದಕೈ

೧೮೩೭ರಲ್ಲಿ ಸಾಂಚಿಯ ಸ್ತೂಪದ ಕಟಾಂಜನಗಳ ಮೇಲಿದ್ದ ಬರಹಗಳ ಅಚ್ಚುಗಳು ಪ್ರಿನ್ಸೆಪನ ಕೈಸೇರಿದವು. ಅವೆಲ್ಲವೂ ಚಿಕ್ಕಚಿಕ್ಕವು. ಒಂದೊಂದು ಕಲ್ಲಿನ ಮೇಲೆಯೂ ಬೇರೆಬೇರೆ ಬರಹವಿದ್ದರೂ ಬಹುತೇಕ ಎಲ್ಲವೂ ಒಂದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಇವು ಏನಿರಬಹುದು? ರಾಜಾಜ್ಞೆಯಾಗಿದ್ದರೆ ಇಷ್ಟು ಚಿಕ್ಕದಾಗಿ, ಇಷ್ಟು ಸಂಖ್ಯೆಯಲ್ಲಿ ಇರುತ್ತಿರಲಿಲ್ಲ. ಬರ್ಮಾದ ಬೌದ್ಧ ದೇವಾಲಯಗಳಲ್ಲಿ ಭಕ್ತರು ತಾವಿತ್ತ ಕಾಣಿಕೆಗಳ ಮೇಲೆ ಹೆಸರು ಬರೆಯಿಸುವ ಪದ್ಧತಿ ಅವನಿಗೆ ನೆನಪಾಯಿತು. ನಮ್ಮ ದೇವಸ್ಥಾನಗಳ ಮೆಟ್ಟಿಲುಗಳ ಮೇಲೆಯೂ ಗಂಟೆಗಳ ಮೇಲೆಯೂ ಇಂದಿಗೂ ‘ಇಂಥವರ ಸೇವೆ’ ಎಂಬ ಬರಹವನ್ನು ನಾವು ಕಾಣುತ್ತೇವಷ್ಟೆ. ಹಾಗಾದರೆ ಕೊನೆಯ ಎರಡಕ್ಷರ ‘ದಾನಂ’ ಆಗಿರಬೇಕು!

ಈ ಊಹೆಯನ್ನು ಪರೀಕ್ಷಿಸುವ ದಾರಿಯೂ ಅಲ್ಲಿಯೇ ಇದ್ದಿತು. ‘ದಾನಂ’ ಎಂಬುದರ ಹಿಂದೆ ದಾನಿಯ ಹೆಸರು ಷಷ್ಠೀ ವಿಭಕ್ತಿಯಲ್ಲಿ ಬರಬೇಕು. ಪ್ರಾಕೃತದಲ್ಲಿ ಅದರ ಪ್ರತ್ಯಯ ‘ಸ’. ಹಳೆಯ ಸೌರಾಷ್ಟ್ರದ ನಾಣ್ಯಗಳಿಂದ ಅವನು ‘ಸ’ ಅಕ್ಷರವನ್ನು ಮೊದಲೇ ಗುರುತಿಸಿದ್ದನು. ನೋಡಿದರೆ ಆ ಎರಡಕ್ಷರಗಳ ಹಿಂದೆ ಮತ್ತೆಮತ್ತೆ ‘ಸ’ವೇ ಬರುತ್ತಿದ್ದಿತು. ಮೊದಲನೆಯ ಅಕ್ಷರದ ಮೇಲಿನ ಗೀಟು ‘ಆ’ಕಾರದ ಗುರುತು, ಎರಡನೆಯದರ ಬಲಗಡೆಯ ಚುಕ್ಕೆ ಅನುಸ್ವಾರ. ದ, ನ, ಸ ಈ ಮೂರು ಕೈಗೆ ಬಂದ ಮೇಲೆ ಉಳಿದ ಅಕ್ಷರಗಳನ್ನು ಗುರುತಿಸಲು ಹೆಚ್ಚು ಕಾಲ ಹಿಡಿಯಲಿಲ್ಲ. ಪಂಡಿತ ಕಮಲಾಕಾಂತರ ನೆರವಿನಿಂದ ಅವನು ದೆಹಲಿಯ ಸ್ತಂಭವನ್ನು ಓದಲು ತೊಡಗಿದನು. ಅದರ ಭಾಷೆ ಗ್ರೀಕ್ ಅಲ್ಲ, ಶುದ್ಧ ಸಂಸ್ಕೃತವೂ ಅಲ್ಲ. ಜನಸಾಮಾನ್ಯರ ಆಡುಮಾತಿಗೆ ಹತ್ತಿರವಾದ ಪ್ರಾಕೃತ.

ಅತಿಶ್ರಮದಿಂದ ಪ್ರಿನ್ಸೆಪನ ಆರೋಗ್ಯ ಕೆಟ್ಟಿತು. ೧೮೩೮ರಲ್ಲಿ ಅವನು ಭಾರತವನ್ನು ಬಿಟ್ಟನು. ೧೮೪೦ರಲ್ಲಿ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡನು.

ಬಿರುದೋ, ಹೆಸರೋ?

ಲಿಪಿಯೇನೋ ತಿಳಿಯಿತು. ಆದರೆ ಹೊಸ ಪ್ರಶ್ನೆಯೊಂದು ಎದ್ದಿತು. ಶಾಸನಗಳನ್ನು ಬರೆಯಿಸಿದ ಅರಸನು ತನ್ನನ್ನು ‘ದೇವಾನಾಂಪಿಯ ಪಿಯದಸಿ’, ಎಂದರೆ ದೇವತೆಗಳಿಗೆ ಪ್ರಿಯನಾದ, ಪ್ರಿಯವಾಗಿ ನೋಡುವ ರಾಜ ಎಂದು ಕರೆದುಕೊಂಡಿದ್ದನು. ಭಾರತದ ಯಾವ ರಾಜವಂಶಾವಳಿಯಲ್ಲಿಯೂ ಈ ಹೆಸರಿಲ್ಲ. ಸಿಂಹಳದಲ್ಲಿ ದೇವಾನಾಂಪಿಯ ತಿಸ್ಸನೆಂಬ ಅರಸನಿದ್ದುದರಿಂದ ಪ್ರಿನ್ಸೆಪನು ಮೊದಲು ಅವನನ್ನೇ ಊಹಿಸಿದನು. ಆದರೆ ಸಿಂಹಳದ ಅರಸನು ದೆಹಲಿ, ಪ್ರಯಾಗ, ಬಿಹಾರಗಳಲ್ಲಿ ಆಜ್ಞೆಗಳನ್ನು ಕೊರೆಯಿಸುವುದೆಂದರೇನು?

ಅದೇ ೧೮೩೭ರಲ್ಲಿ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರನು ಪಾಲಿ ಭಾಷೆಯ ‘ದೀಪವಂಸ’ದಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಿದನು. ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನನ್ನು ಆ ಗ್ರಂಥವು ‘ಪಿಯದಸ್ಸಿ’ ಎಂದೂ ಕರೆದಿದ್ದಿತು. ಹಾಗಾದರೆ ಪಿಯದಸಿ ಎಂದರೆ ಅಶೋಕ!

ಇದು ಬಲವಾದ ಸೂಚನೆ. ಆದರೂ ಪೂರ್ಣ ಸಾಕ್ಷ್ಯವಲ್ಲ. ಗ್ರಂಥವು ಶಾಸನಗಳಿಗಿಂತ ಹಲವು ಶತಮಾನಗಳಷ್ಟು ಈಚಿನದು. ‘ದೇವಾನಾಂಪ್ರಿಯ’ ಎಂಬುದು ಒಬ್ಬನಿಗೇ ಮೀಸಲಾದ ಹೆಸರೂ ಅಲ್ಲ. ಮುಂದೆ ಅಶೋಕನ ವಂಶದ ದಶರಥನೂ ಬಿಹಾರದ ನಾಗಾರ್ಜುನೀ ಬೆಟ್ಟದ ಗುಹೆಗಳಲ್ಲಿ ಅದೇ ಬಿರುದನ್ನು ಬರೆಯಿಸಿದ್ದಾನೆ. ಕಲ್ಲಿನ ಮೇಲೆಯೇ ‘ಅಶೋಕ’ ಎಂಬ ಹೆಸರು ಕಾಣುವವರೆಗೆ ಸಂದೇಹಕ್ಕೆ ಎಡೆಯಿದ್ದೇ ಇದ್ದಿತು.

ಐವರು ಯವನ ಅರಸರು

ಕಾಲನಿರ್ಣಯದಲ್ಲಿ ಮಾತ್ರ ಅದೃಷ್ಟ ಒಲಿಯಿತು. ಗಿರ್ನಾರ್ ಮೊದಲಾದೆಡೆಗಳ ಹದಿಮೂರನೆಯ ಶಿಲಾಶಾಸನದಲ್ಲಿ ಅರಸನು ತನ್ನ ಧರ್ಮಸಂದೇಶವನ್ನು ಕಳುಹಿಸಿದ ಐವರು ಯವನರಾಜರನ್ನು ಹೆಸರಿಸಿದ್ದಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಇವರು ಕ್ರಮವಾಗಿ ಸಿರಿಯಾದ ಎರಡನೆಯ ಆಂಟಿಯೋಕಸ್, ಈಜಿಪ್ಟಿನ ಎರಡನೆಯ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್, ಸಿರೀನಿನ ಮಗಸ್, ಎಪಿರಸಿನ ಅಲೆಕ್ಸಾಂಡರ್. ಇವರ ಆಳ್ವಿಕೆಯ ಕಾಲ ಗ್ರೀಕ್ ಇತಿಹಾಸದಿಂದ ತಿಳಿದಿದೆ.

ಇಲ್ಲೊಂದು ಚಿಕ್ಕ ಲೆಕ್ಕ ಮಾಡೋಣ. ಆಂಟಿಯೋಕಸನು ಪಟ್ಟಕ್ಕೆ ಬಂದುದು ಕ್ರಿ.ಪೂ. ೨೬೧ರಲ್ಲಿ. ಅಲೆಕ್ಸಾಂಡರನ ಕಾಲ ಮುಗಿದುದು ಸುಮಾರು ಕ್ರಿ.ಪೂ. ೨೫೫ರಲ್ಲಿ. ಉಳಿದ ಮೂವರೂ ಈ ಅವಧಿಯಲ್ಲಿ ಆಳುತ್ತಿದ್ದರು. ಆದುದರಿಂದ ಐವರೂ ಒಟ್ಟಿಗೆ ಬದುಕಿದ್ದುದು ಈ ಆರೇಳು ವರ್ಷಗಳಲ್ಲಿ ಮಾತ್ರ. ಅಲಿಕಸುದರನು ಎಪಿರಸಿನವನಲ್ಲ, ಕೊರಿಂಥಿನ ಅರಸನೆಂದು ಕೆಲವು ವಿದ್ವಾಂಸರ ಮತ. ಹಾಗೆಂದುಕೊಂಡರೂ ಲೆಕ್ಕ ಕೆಲವೇ ವರ್ಷ ಈಚೆಗೆ ಸರಿಯುತ್ತದೆ. ಈ ಶಾಸನಗಳು ಅರಸನ ಪಟ್ಟಾಭಿಷೇಕದ ಅನಂತರ ಹನ್ನೆರಡು, ಹದಿಮೂರು ವರ್ಷಗಳ ಹೊತ್ತಿಗೆ ಸೇರಿದವು. ಆದುದರಿಂದ ಅಶೋಕನ ಪಟ್ಟಾಭಿಷೇಕವನ್ನು ಸುಮಾರು ಕ್ರಿ.ಪೂ. ೨೬೮ ಎಂದು ಗೊತ್ತುಪಡಿಸುತ್ತಾರೆ. ಮೂರು ಸಮುದ್ರಗಳಾಚೆಯ ಅರಸರ ಹೆಸರುಗಳು ನಮ್ಮ ಇತಿಹಾಸಕ್ಕೆ ಗಡಿಯಾರವಾದುವು!

ಅದೇ ಶಾಸನದಲ್ಲಿ ಕಳಿಂಗಯುದ್ಧದ ಮಾತೂ ಇದೆ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ ಕಳಿಂಗವನ್ನು ಗೆದ್ದುದನ್ನೂ, ಒಂದು ಲಕ್ಷ ಜನ ಹತರಾಗಿ ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟುದನ್ನೂ ತಿಳಿಸಿ, ಇದರಿಂದ ತನಗೆ ಪಶ್ಚಾತ್ತಾಪವಾಗಿದೆಯೆಂದು ಅರಸನು ಹೇಳಿಕೊಂಡಿದ್ದಾನೆ. ಗೆದ್ದ ಅರಸರು ತಮ್ಮ ಗೆಲುವನ್ನು ಹೊಗಳಿಸಿಕೊಂಡ ಶಾಸನಗಳು ಸಾವಿರಾರಿವೆ. ಗೆದ್ದು ನೊಂದೆನೆಂದು ಕಲ್ಲಿನ ಮೇಲೆ ಬರೆಯಿಸಿದವರು ತೀರ ವಿರಳ. ಲಿಪಿಯ ಬೀಗ ತೆಗೆಯದೆ ಇದ್ದಿದ್ದರೆ ಈ ಮಾತು ನಮ್ಮ ಪಾಲಿಗೆ ಎಂದೆಂದಿಗೂ ಮೂಕವಾಗಿಯೇ ಉಳಿಯುತ್ತಿದ್ದಿತು.

ಆದರೂ ವಿದ್ಯಾರ್ಥಿಗಳು ಒಂದು ಎಚ್ಚರವನ್ನು ತಪ್ಪಬಾರದು. ಶಾಸನವು ಅರಸನ ಸ್ವಂತ ಮಾತು. ಅವನು ತನ್ನನ್ನು ಹೇಗೆ ಕಾಣಿಸಿಕೊಳ್ಳಬಯಸಿದನೆಂಬುದಕ್ಕೆ ಅದು ಸಾಕ್ಷಿ. ಅದೇ ಶಾಸನದಲ್ಲಿ ಪಶ್ಚಾತ್ತಾಪದ ಮಾತಿನ ಜೊತೆಗೇ ಕಾಡಿನ ಜನರಿಗೆ ತನ್ನ ಬಲವನ್ನು ನೆನಪಿಸುವ ಎಚ್ಚರಿಕೆಯೂ ಇದೆ. ಕಳಿಂಗದಲ್ಲಿರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲಾದರೋ ಹದಿಮೂರನೆಯ ಶಾಸನವನ್ನು ಕೊರೆಯಿಸಿಯೇ ಇಲ್ಲ. ಅದಕ್ಕೆ ಬದಲಾಗಿ ಅಧಿಕಾರಿಗಳು ಪ್ರಜೆಗಳನ್ನು ನ್ಯಾಯದಿಂದ ನಡೆಸಿಕೊಳ್ಳಬೇಕೆಂಬ ಎರಡು ಪ್ರತ್ಯೇಕ ಆಜ್ಞೆಗಳಿವೆ. ಹೇಳಿದುದನ್ನಷ್ಟೇ ಅಲ್ಲ, ಎಲ್ಲಿ ಏನನ್ನು ಹೇಳಲಿಲ್ಲವೆಂಬುದನ್ನೂ ಇತಿಹಾಸಕಾರನು ಓದಬೇಕು.

ಮಸ್ಕಿಯ ಸಾಕ್ಷ್ಯ

ಟರ್ನರನ ಊಹೆಗೆ ಸಾಕ್ಷ್ಯ ಒದಗಲು ಎಪ್ಪತ್ತೆಂಟು ವರ್ಷ ಕಾಯಬೇಕಾಯಿತು. ೧೯೧೫ರಲ್ಲಿ, ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಬೆಟ್ಟದ ಬಂಡೆಯೊಂದರ ಮೇಲೆ ಹಳೆಯ ಬರಹವನ್ನು ಕಂಡನು. ಅವನು ಹುಡುಕಿದುದು ಚಿನ್ನವನ್ನು. ದೊರೆತುದು ಚಿನ್ನಕ್ಕಿಂತ ಬೆಲೆಯುಳ್ಳ ಒಂದು ಪದ. ಅದೇ ವರ್ಷ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಸಂಪಾದಿಸಿ ಪ್ರಕಟಿಸಿದರು. ಬಂಡೆಯ ಮೇಲೆ ‘ದೇವಾನಾಂಪಿಯ’ ಎಂಬ ಬಿರುದಿನ ಪಕ್ಕದಲ್ಲಿಯೇ ‘ಅಸೋಕ’ ಎಂಬ ಹೆಸರು ಸ್ಪಷ್ಟವಾಗಿ ಕೊರೆಯಲ್ಪಟ್ಟಿದ್ದಿತು. ಬಿರುದೂ ಹೆಸರೂ ಒಂದೇ ಬಂಡೆಯ ಮೇಲೆ ಕೂಡಿದವು, ಸಂದೇಹ ಕಳೆಯಿತು.

ಒಂದೇ ಪ್ರಯೋಗದ ಫಲವನ್ನು ನೆಚ್ಚದೆ ಮತ್ತೊಮ್ಮೆ ಮಾಡಿ ನೋಡುವುದು ವಿಜ್ಞಾನದ ಪದ್ಧತಿ. ಇಲ್ಲಿಯೂ ಹಾಗೆಯೇ ಆಯಿತು. ಮಧ್ಯಪ್ರದೇಶದ ಗುಜರ್ರಾದಲ್ಲಿ ೧೯೫೦ರ ದಶಕದಲ್ಲಿಯೂ, ಬಳ್ಳಾರಿ ಪ್ರದೇಶದ ನಿಟ್ಟೂರು ಮತ್ತು ಉಡೆಗೊಳಗಳಲ್ಲಿ ೧೯೭೦ರ ದಶಕದಲ್ಲಿಯೂ ದೊರೆತ ಶಾಸನಗಳಲ್ಲಿ ಅಶೋಕನ ಹೆಸರು ಮತ್ತೆ ಕಾಣಿಸಿತು. ಹೆಸರುಳ್ಳ ಈ ನಾಲ್ಕು ಸ್ಥಳಗಳಲ್ಲಿ ಮೂರು ಕರ್ನಾಟಕದಲ್ಲಿವೆಯೆಂಬುದನ್ನು ಗಮನಿಸಿರಿ.

ಚಪಡನೆಂಬ ಲಿಪಿಕಾರ

ಮಸ್ಕಿಗಿಂತ ಮೊದಲೇ, ೧೮೯೨ರಲ್ಲಿ, ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಸಮೀಪದ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದಿದ್ದರು. ಇವು ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಬಂದ ಆಜ್ಞೆಗಳು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಇವುಗಳ ಸಾರ.

ಈ ಮೂರು ಶಾಸನಗಳನ್ನು ಬರೆದವನು ಚಪಡನೆಂಬ ಲಿಪಿಕಾರ. ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎಂಬರ್ಥದ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠೀ ಲಿಪಿಯಲ್ಲಿ ಅವನು ಕೊರೆದಿದ್ದಾನೆ. ಖರೋಷ್ಠಿಯು ಭಾರತದ ವಾಯವ್ಯ ಗಡಿಯ ಲಿಪಿ. ಅಲ್ಲಿಯ ವಿದ್ಯೆಯನ್ನು ಕಲಿತ ಬರಹಗಾರನೊಬ್ಬನು ಇಷ್ಟು ದೂರದ ಬಂಡೆಯ ಮೇಲೆ ಕೈಗುರುತು ಬಿಟ್ಟು ಹೋದನು. ಮೌರ್ಯ ಸಾಮ್ರಾಜ್ಯದ ವಿಸ್ತಾರವನ್ನು ಯಾವ ಭೂಪಟಕ್ಕಿಂತಲೂ ಚೆನ್ನಾಗಿ ಆ ಒಂದು ಪದವು ನಮಗೆ ತೋರಿಸುತ್ತದೆ. ಅತ್ತ ಆಫ್ಘಾನಿಸ್ತಾನದ ಕಂದಹಾರದಲ್ಲಿ ೧೯೫೮ರಲ್ಲಿ ದೊರೆತ ಶಾಸನವು ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿದೆ. ಕೊರಿಯಟನ ಊಹೆ ದೆಹಲಿಯಲ್ಲಿ ಸುಳ್ಳಾದರೂ ಅಶೋಕನ ಗ್ರೀಕ್ ಶಾಸನವೊಂದು ನಿಜವಾಗಿಯೂ ಇದ್ದಿತು!

ನಮ್ಮ ಅಕ್ಷರಗಳ ಅಜ್ಜ

ಬ್ರಾಹ್ಮಿಯು ಸತ್ತು ಹೋದ ಲಿಪಿಯೆಂದು ನಾವು ಹೇಳುತ್ತೇವೆ. ಹಾಗಾದರೆ ಈ ಲೇಖನವನ್ನು ನೀವು ಓದುತ್ತಿರುವ ಅಕ್ಷರಗಳು ಎಲ್ಲಿಂದ ಬಂದವು? ಕನ್ನಡ, ತೆಲುಗು, ತಮಿಳು, ನಾಗರಿ, ಬಂಗಾಳಿಗಳೆಲ್ಲವೂ ಬ್ರಾಹ್ಮಿಯ ಸಂತಾನವೇ. ಅಶೋಕನ ಬ್ರಾಹ್ಮಿಯಲ್ಲಿ ‘ಕ’ ಎಂದರೆ ಕೂಡಿಸುವ ಚಿಹ್ನೆ. ಅದರ ನಡುವಿನ ಅಡ್ಡಗೀಟು ಇಂದಿನ ‘ಕ’ದಲ್ಲಿಯೂ ಉಳಿದಿದೆ. ‘ಠ’ ಎಂದರೆ ಒಂದು ವೃತ್ತ. ಇಂದಿಗೂ ಅದರ ಮೈ ದುಂಡಗೆಯೇ ಇದೆ. ‘ಗ’ ಎಂದರೆ ಗುಡಿಸಲಿನ ಸೂರಿನಂತೆ ಕೂಡಿದ ಎರಡು ಇಳಿಜಾರು ಗೀಟುಗಳು. ಅವೇ ಬಾಗಿ ನಮ್ಮ ‘ಗ’ ಆಗಿದೆ. ‘ದಾನಂ’ ಪದದ ಬಲಗಡೆಯ ಚುಕ್ಕೆಯು ಬೆಳೆದು ನಮ್ಮ ಸೊನ್ನೆಯಾಗಿದೆ. ಕ್ರಿ.ಶ. ೪೫೦ರ ಸುಮಾರಿನ ಹಲ್ಮಿಡಿ ಶಾಸನದಲ್ಲಿ ಕನ್ನಡ ಭಾಷೆಯು ಈ ದೀರ್ಘ ಮಾರ್ಪಾಟಿನ ಒಂದು ಮಧ್ಯದ ಹಂತದ ಅಕ್ಷರಗಳಲ್ಲಿ ಮೈದೋರುತ್ತದೆ.

ಉಳಿದುದೆಷ್ಟು, ಅಳಿದುದೆಷ್ಟು?

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ೧೯೮೦ರ ದಶಕದ ಕೊನೆಯಲ್ಲಿ ನಡೆದುದು ಎಲ್ಲರೂ ತಿಳಿಯಬೇಕಾದ ಸಂಗತಿ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ವಿಗ್ರಹವೊಂದಕ್ಕೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದಾಗ ಅದು ಅಶೋಕನ ಶಾಸನವೆಂದು ತಿಳಿಯಿತು. ಅದುವರೆಗೆ ಕಳಿಂಗದಲ್ಲಿ ಮಾತ್ರ ಕಂಡಿದ್ದ ಆ ಎರಡು ಪ್ರತ್ಯೇಕ ಆಜ್ಞೆಗಳೂ ಅದರ ಮೇಲೆ ಇದ್ದವು! ಆದರೆ ಪೀಠಕ್ಕಾಗಿ ಕಲ್ಲಿನ ನಡುವೆ ರಂಧ್ರ ಕೊರೆದಾಗ ಹಲವು ಅಕ್ಷರಗಳು ಶಾಶ್ವತವಾಗಿ ಅಳಿದು ಹೋಗಿದ್ದವು. ಕೊರೆದವನು ದುಷ್ಟನಲ್ಲ; ಅವನಿಗೆ ಅದು ಬರಿಯ ಕಲ್ಲು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ೧೯೯೦ರ ದಶಕದ ಉತ್ಖನನದಿಂದ ಅರಸನೊಬ್ಬನ ಶಿಲ್ಪ ದೊರೆಯಿತು. ಅದರ ಮೇಲೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಮಣ್ಣಿನೊಳಗೆ ಹುದುಗಿದ್ದುದರಿಂದಲೇ ಆ ಎರಡು ಪದಗಳು ಉಳಿದವು.

ಶಾಸನವನ್ನು ದಾಖಲಿಸುವ ವಿಧಾನ ಸರಳವಾದುದು. ಕಲ್ಲನ್ನು ನೀರಿನಿಂದ ತೊಳೆದು ಮೆಲ್ಲನೆ ಶುಚಿಮಾಡಿ, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಗಡುಸು ಕುಂಚದಿಂದ ಬಡಿಯುತ್ತಾರೆ. ಕಾಗದವು ಅಕ್ಷರಗಳ ತಗ್ಗುಗಳಿಗೆ ಇಳಿಯುತ್ತದೆ. ಅದು ಆರುವಷ್ಟರಲ್ಲಿ ಮಸಿಯ ಉಂಡೆಯಿಂದ ಮೆತ್ತಗೆ ಒತ್ತಿದರೆ ಮೇಲ್ಮೈ ಕಪ್ಪಾಗಿ ತಗ್ಗಿನ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಇದನ್ನು ತರಬೇತಿ ಪಡೆದವರು ಮಾಡಬೇಕು. ನಾವು ಮಾಡಬೇಕಾದುದು ಇನ್ನೂ ಸುಲಭ. ನಮ್ಮ ಊರಿನ ಗುಡಿಯ ಬಳಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹವುಳ್ಳ ಕಲ್ಲು ಕಂಡರೆ ಅದನ್ನು ಕೆರೆಯದೆ, ಬಣ್ಣ ಬಳಿಯದೆ, ಬಟ್ಟೆ ಒಗೆಯಲು ಬಳಸಗೊಡದೆ, ಅದರ ಚಿತ್ರವನ್ನು ತೆಗೆದು ಶಾಲೆಯ ಉಪಾಧ್ಯಾಯರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿದರೆ ಸಾಕು.

ಸಾಂಚಿಯ ಬಡ ಭಕ್ತನೊಬ್ಬನು ಒಂದು ಕಲ್ಲನ್ನು ಕೊಟ್ಟು ‘ದಾನಂ’ ಎಂದು ಬರೆಯಿಸಿದನು. ಚಕ್ರವರ್ತಿಯ ಮಾತಿಗೆ ಬೀಗದಕೈಯಾದುದು ಆ ಎರಡಕ್ಷರಗಳೇ. ಯಾವ ಊರಿನ ಯಾವ ಕಲ್ಲು ಮುಂದೆ ಯಾವ ಬಾಗಿಲನ್ನು ತೆರೆಯುವುದೋ ಬಲ್ಲವರಾರು? ಆದುದರಿಂದ ಯಾವ ಕಲ್ಲನ್ನೂ ನಾವು ಬರಿಯ ಕಲ್ಲೆಂದು ಎಣಿಸದಿರೋಣ.